ನಮ್ಮಾಂವ ದಿಲ್ಲ್ಯಾಗ ಇರಬೇಕ್ರಿ!

ಖಾನಾಪುರ ಸ್ಟೇಷನ್ನಿನ ಹೊರಗೆ ಬೆಳಗಿನ ಮೊದಲ ಚಹಾ ಕುದಿಯುವ ಹೊತ್ತಿಗೆ ವಂದೇ ಭಾರತ್ ಹಾದುಹೋಗುತ್ತದೆ. ಬೆಳಗಾವಿಯಿಂದ ನಸುಕಿನ 5.20ಕ್ಕೆ ಬಿಡುವ ಬೆಂಗಳೂರಿನ ಗಾಡಿ. ಪ್ಲಾಟ್‌ಫಾರ್ಮಿನ ಮೇಲೆ ಮುದುಡಿ ಮಲಗಿದ ನಾಯಿ ತಲೆ ಎತ್ತುವಷ್ಟರಲ್ಲಿ ಕೊನೆಯ ಬೋಗಿಯ ಕೆಂಪು ದೀಪ ಗುಂಜಿಯ ಕಡೆ ಸಣ್ಣದಾಗುತ್ತಿರುತ್ತದೆ. ಒಂದು ದಿನ ಅಲ್ಲಿ ನಿಂತು ಕೇಳಿದೆ: "ನಮ್ಮೂರಾಗ ನಿಲ್ಲಂಗಿಲ್ಲೇನ್ರಿ ಕಾಕಾ?" ಚಹಾದವರು ಸೋಸುವ ಅರಿವೆ ಹಿಂಡುತ್ತ ಅಂದರು, "ನಿಲ್ಲಬೇಕಂದ್ರ ನಮ್ಮಾಂವ ಒಬ್ಬಾಂವ ದಿಲ್ಲ್ಯಾಗ ಇರಬೇಕ್ರಿ. ಇಲ್ಲಂದ್ರ ಯಾರ್ ಕೇಳ್ತಾರ?" ಬಾಕಿನ ಮೇಲೆ ಕೂತ ಮೂವರೂ ಹೌದ್ಹೌದು ಅಂದರು. ಒಬ್ಬರು ಬಸಿಯಲ್ಲಿದ್ದ ಚಹಾ ಸುರಿದು ಮುಗಿಸಿ, "ಸುರೇಶಣ್ಣ ಇದ್ದಿದ್ರ ಮಾತ ಬ್ಯಾರೆ ಇತ್ತು" ಎಂದು ಸೇರಿಸಿದರು.

ಈ ಭಾಗದ ರೈಲ್ವೆ ಶಾಸ್ತ್ರವೆಲ್ಲ ಈ ಎರಡು ಮಾತಿನಲ್ಲಿದೆ. ಟಿಳಕವಾಡಿಯಲ್ಲಿ ವಾಕಿಂಗ್ ಮುಗಿಸಿ ಕೂತ ನಿವೃತ್ತರಿಂದ ಕೇಳಿದ್ದೇನೆ, ಖಡೇಬಜಾರಿನ ಅಂಗಡಿಕಾರರಿಂದ ಕೇಳಿದ್ದೇನೆ, ಸಭೆಯಲ್ಲಿ ಶಾಲು ಹೊದಿಸಿಕೊಂಡವರಿಂದಲೂ ಕೇಳಿದ್ದೇನೆ. ರೈಲು ಅಂದರೆ ವರ, ದಿಲ್ಲಿ ಅಂದರೆ ಗುಡಿ, ನಮ್ಮವನೊಬ್ಬ ಅಲ್ಲಿ ಪೂಜಾರಿಯಾದರೆ ಪ್ರಸಾದ ಮೊದಲು ನಮ್ಮ ಕೈಗೆ. ಪಕ್ಷ ಯಾವುದಾದರೂ, ಮನೆಮಾತು ಕನ್ನಡವಾದರೂ ಮರಾಠಿಯಾದರೂ ಈ ನಂಬಿಕೆಯಲ್ಲಿ ಮಾತ್ರ ಎಲ್ಲರೂ ಒಂದೇ. ನನ್ನ ತಕರಾರು ಈ ನಂಬಿಕೆಯ ಮೇಲೆಯೇ. ಸುಳ್ಳು ಎಂಬುದು ಅದರ ಸಣ್ಣ ದೋಷ. ದೊಡ್ಡ ದೋಷವೆಂದರೆ, ನಮ್ಮ ಪಾಲಿನ ಕೆಲಸವೇನು ಎಂಬ ಪ್ರಶ್ನೆಯೇ ಏಳದಂತೆ ಅದು ನಮ್ಮನ್ನು ಹಾಯಾಗಿ ಮಲಗಿಸಿಬಿಟ್ಟಿದೆ.

ಮೊದಲು ಲೆಕ್ಕವನ್ನೇ ನೋಡೋಣ. ನಮ್ಮವರು ದಿಲ್ಲಿಯಲ್ಲಿ ಇರಲಿಲ್ಲವೆ? ಬೇಕಾದಷ್ಟು ಮಂದಿ ಇದ್ದರು. 1971ರಲ್ಲಿ ಕೆಂಗಲ್ ಹನುಮಂತಯ್ಯ ರೈಲ್ವೆ ಮಂತ್ರಿಯಾಗಿದ್ದರು, ಅವರ ಬೆನ್ನಿಗೇ ಟಿ.ಎ. ಪೈ ಬಂದರು. 1991ರಿಂದ ನಾಲ್ಕು ವರ್ಷ ಸಿ.ಕೆ. ಜಾಫರ್ ಷರೀಫ್. 2013ರಲ್ಲಿ ಮಲ್ಲಿಕಾರ್ಜುನ ಖರ್ಗೆ, 2014ರಲ್ಲಿ ಡಿ.ವಿ. ಸದಾನಂದಗೌಡ. ರಾಜ್ಯ ಸಚಿವರಾಗಿ ಬಸನಗೌಡ ಪಾಟೀಲ ಯತ್ನಾಳ, ಕೆ.ಎಚ್. ಮುನಿಯಪ್ಪ, ಬೆಳಗಾವಿಯವರೇ ಆದ ಸುರೇಶ ಅಂಗಡಿ (ಚಹಾದಂಗಡಿಯ ಬಾಕಿನವರ ಸುರೇಶಣ್ಣ), 2024ರಿಂದ ವಿ. ಸೋಮಣ್ಣ. ಮಂಗಳೂರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರನ್ನು ಮುಜಫ್ಫರಪುರದವರು ಗೆಲ್ಲಿಸಿ ಕಳಿಸಿದ್ದರಿಂದ ಅವರನ್ನು ಬಿಹಾರದ ಲೆಕ್ಕಕ್ಕೇ ಬಿಟ್ಟುಕೊಟ್ಟಿದ್ದೇನೆ. ಇಷ್ಟೊಂದು ಪೂಜಾರಿಗಳಿದ್ದ ಗುಡಿಯ ಪ್ರಸಾದ ಎಲ್ಲಿ ಹೋಯಿತು?

ಹುಬ್ಬಳ್ಳಿ–ಅಂಕೋಲಾ ಮಾರ್ಗ ಮಂಜೂರಾದದ್ದು 1997–98ರಲ್ಲಿ. ಆಗ ಹುಟ್ಟಿದ ಮಕ್ಕಳಿಗೆ ಈಗ ಮಕ್ಕಳಾಗಿವೆ. ಮಾರ್ಗ ಮಾತ್ರ ಕಾಡಿನ ಅನುಮತಿ, ಕೋರ್ಟು, ಸಮಿತಿಗಳ ನಡುವೆ ಇನ್ನೂ ಅಲೆಯುತ್ತಿದೆ. ಬಾಗಲಕೋಟೆ–ಕುಡಚಿ ಮಾರ್ಗ 142 ಕಿಲೋಮೀಟರ್. 2010–11ರಲ್ಲಿ ಅದು ಮಂಜೂರಾದಾಗ ರೈಲ್ವೆ ಖಾತೆಯಲ್ಲಿ ಮುನಿಯಪ್ಪ ಇದ್ದರು, ಆಮೇಲೆ ಖರ್ಗೆ, ಗೌಡರು, ಅಂಗಡಿ, ಸೋಮಣ್ಣ ಎಲ್ಲರೂ ಆ ಕಚೇರಿಯ ಮೆಟ್ಟಿಲು ಹತ್ತಿದರು. ಬಾಗಲಕೋಟೆಯಲ್ಲಿ ಹತ್ತಿ ಕುಡಚಿಯಲ್ಲಿ ಇಳಿದವನನ್ನು ನಾನಂತೂ ಇನ್ನೂ ಕಂಡಿಲ್ಲ.

ಷರೀಫರ ಹೆಸರು ಹೇಳಿದೊಡನೆ ಯಾರಾದರೂ ಎದ್ದು ನಿಲ್ಲುತ್ತಾರೆ: "ಬ್ರಾಡ್‌ಗೇಜ್ ತಂದವರು ಯಾರ್ರೀ?" ಒಪ್ಪಿದೆ. 1992ರ ಯೂನಿಗೇಜ್ ಯೋಜನೆ ಇಲ್ಲದಿದ್ದರೆ ಮೀರಜ್–ಲೋಂಡಾ ನಡುವೆ ಇನ್ನೂ ಎಷ್ಟು ವರ್ಷ ಮೀಟರ್‌ಗೇಜ್ ಡಬ್ಬಿಗಳು ಕುಲುಕುತ್ತಿದ್ದವೋ ಹೇಳಲಾಗದು. ಕರ್ನಾಟಕಕ್ಕೆ ಜಾಸ್ತಿ ಬಡಿಸಿದರೆಂದು ಬೇರೆ ರಾಜ್ಯದವರು ಅವರನ್ನು ಆಡಿಕೊಂಡದ್ದೂ ನಿಜ. ಆದರೆ ಅವರು ಮಾಡಿದ್ದೇನೆಂದು ಸ್ವಲ್ಪ ಹತ್ತಿರದಿಂದ ನೋಡಿ. ಇದ್ದ ಹಳಿಯನ್ನೇ ಅಗಲ ಮಾಡಿಸಿದರು. ನೆಲ ರೈಲ್ವೆಯದು, ಕೆಲಸದವರು ರೈಲ್ವೆಯವರು, ದುಡ್ಡೂ ರೈಲ್ವೆಯದು. ಯಾರ ಹೊಲಕ್ಕೂ ಕಾಲಿಡಬೇಕಾಗಿ ಬರಲಿಲ್ಲ, ಯಾರ ಕಾಡನ್ನೂ ಕಡಿಯಬೇಕಾಗಿ ಬರಲಿಲ್ಲ. ಮಂತ್ರಿಯ ಕೈ ಎಲ್ಲಿಯವರೆಗೆ ಚಾಚುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ಬೇಡ. ಅದು ರೈಲ್ವೆ ಬೇಲಿಯ ತನಕ ಹೋಗುತ್ತದೆ. ಬೇಲಿ ದಾಟಿದ ಮೇಲೆ ಅವರೂ ನಮ್ಮ ನಿಮ್ಮಂತೆ ಕೈಮುಗಿದು ನಿಲ್ಲುವವರೇ.

ಅಂಗಡಿಯವರ ಕಾಲವನ್ನು ಈ ಅಳತೆಗೋಲು ಹಿಡಿದು ನೋಡಬೇಕು. ನಮ್ಮವರು ದಿಲ್ಲಿಯಲ್ಲಿರಬೇಕು ಎಂಬ ವಾದದ ಅತಿ ಗಟ್ಟಿ ಸಾಕ್ಷಿ ಅವರೇ. ನಾಲ್ಕು ಸಲ ಬೆಳಗಾವಿಯಿಂದ ಗೆದ್ದವರು 2019ರ ಮೇ ಕೊನೆಗೆ ರೈಲ್ವೆ ರಾಜ್ಯ ಸಚಿವರಾದರು. ಒಂದೇ ತಿಂಗಳಲ್ಲಿ ಬೆಳಗಾವಿಗೂ ಬೆಂಗಳೂರಿಗೂ ರಾತ್ರಿಯ ಸೂಪರ್‌ಫಾಸ್ಟ್ ಗಾಡಿ ಶುರುವಾಯಿತು. ಇವತ್ತೂ ಜನ ಅದನ್ನು ಅಂಗಡಿಯವರ ಗಾಡಿ ಎಂದೇ ಕರೆಯುತ್ತಾರೆ, ಕರೆಯಲಿ. ಅಂಗಡಿಯವರ ಕಾಲದಲ್ಲೇ ಧಾರವಾಡ–ಕಿತ್ತೂರು–ಬೆಳಗಾವಿ ನೇರ ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿತು. 73.10 ಕಿಲೋಮೀಟರ್ ಹಳಿ, 927.42 ಕೋಟಿ ರೂಪಾಯಿ ಅಂದಾಜು. ಅರ್ಧ ಖರ್ಚು ಮತ್ತು ಪುಕ್ಕಟೆ ಭೂಮಿ ರಾಜ್ಯ ಸರ್ಕಾರದ್ದು. ಈಗ ಲೋಂಡಾ ಸುತ್ತಿಕೊಂಡು ಹೋಗುವ ಸುಮಾರು 120 ಕಿಲೋಮೀಟರಿನ ದಾರಿ ಇದರಿಂದ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆಯಾಗುತ್ತದೆ. 2020ರ ಸೆಪ್ಟೆಂಬರ್ 23ರಂದು ಕೋವಿಡ್ ಅವರನ್ನು ದಿಲ್ಲಿಯಲ್ಲೇ ಒಯ್ದಿತು. ಬೆಳಗಾವಿಗೆ ಅವರ ದೇಹವೂ ಬರಲಿಲ್ಲ. ಆ ಸಾವಿನ ಬಗ್ಗೆ ಈ ಊರಿಗಿರುವ ಸಂಕಟವನ್ನು ನಾನು ಹಗುರವಾಗಿ ಕಾಣುವವನಲ್ಲ.

ಆದರೂ ಕೇಳಲೇಬೇಕು. ಗಾಡಿ ಒಂದು ತಿಂಗಳಲ್ಲಿ ಬಂತು, ಮಾರ್ಗ ಏಕೆ ಬರಲಿಲ್ಲ? ಅವರು ತೀರಿಕೊಂಡದ್ದಕ್ಕೆ ಎಂಬ ಉತ್ತರ ಬಾಯಿಗೆ ಸುಲಭವಾಗಿ ಬರುತ್ತದೆ. ಮಾರ್ಗ ನಿಂತಿರುವುದು ಮಾತ್ರ ದಿಲ್ಲಿಯಲ್ಲಲ್ಲ, ಗರ್ಲಗುಂಜಿಯಲ್ಲಿ, ದೇಸೂರಲ್ಲಿ, ನಂದಿಹಳ್ಳಿಯಲ್ಲಿ, ಕೆ.ಕೆ. ಕೊಪ್ಪದಲ್ಲಿ. ರೈತರು ಹಸಿರು ಟವೆಲ್ ಹೊದ್ದು ಬಂದು, ನಮ್ಮ ಫಲವತ್ತಾದ ಹೊಲ ಬಿಡಿರಿ, ಬರಡು ಭೂಮಿಯ ಕಡೆಯಿಂದ ಹಳಿ ಒಯ್ಯಿರಿ ಎಂದರು. ಅವರ ಮಾತು ಪೂರ್ತಿ ಸರಿಯೋ ಅಲ್ಲವೋ, ಏರುತಗ್ಗು, ತಿರುವು, ಸೇತುವೆ ಎಲ್ಲ ಕೂಡಿಸಿ ಕಳೆದು ಎಂಜಿನಿಯರರು ಹೇಳಬೇಕು. ಆದರೆ ಆ ಮಾತನ್ನು ಬೆಳಗಾವಿಯವರು ಯಾರು ಕೂತು ಕೇಳಿದರು? ಒಪ್ಪಿಗೆ ಬಂದ ದಿನ ಪೇಢೆ ಹಂಚಿದ ನಾವು, ಹಳಿ ಯಾರ ಅಂಗಳದಲ್ಲಿ ಹಾದುಹೋಗುತ್ತದೋ ಅವರ ಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬರಲಿಲ್ಲ. ಪೇಟೆಯ ವ್ಯಾಪಾರಿಗೆ ಒಂದೂವರೆ ತಾಸು ಉಳಿಯಲೆಂದು ಗರ್ಲಗುಂಜಿಯ ರೈತ ತನ್ನ ಹೊಲ ಬಿಡಬೇಕು. ಆ ರೈತನಿಗೆ ಸಿಗುವ ಬೆಲೆ, ಹೊಲ ಎರಡು ಹೋಳಾದರೆ ಎತ್ತು ಟ್ರ್ಯಾಕ್ಟರ್ ದಾಟಲು ಕೆಳಸೇತುವೆ, ಮಳೆನೀರು ಹರಿಯಲು ಮೋರಿ, ಇವುಗಳ ಪರವಾಗಿ ಪೇಟೆಯೇ ಮೊದಲು ದನಿ ಎತ್ತಬೇಕಿತ್ತು. ನಾವು ಆ ಕೆಲಸವನ್ನು ಭೂಸ್ವಾಧೀನದ ನೋಟಿಸಿಗೆ ಬಿಟ್ಟೆವು. ನೋಟಿಸು ನೆರೆಹೊರೆಯ ಮಾತಾಡುವುದಿಲ್ಲ. ಅಂಗಡಿಯವರು ಇನ್ನೂ ಇಪ್ಪತ್ತು ವರ್ಷ ಮಂತ್ರಿಯಾಗಿದ್ದರೂ ಆ ಮಾತನ್ನು ನಮ್ಮ ಪರವಾಗಿ ಆಡಲಾಗುತ್ತಿರಲಿಲ್ಲ.

ಬೇಲಿಯ ಒಳಗಿನ ವ್ಯವಹಾರವಾದರೂ ಹೆಸರಿನ ಬಲದಿಂದ ನಡೆಯುತ್ತದೆಯೆ? 2023ರ ಜೂನ್ 27ಕ್ಕೆ ಬೆಂಗಳೂರಿನಿಂದ ಧಾರವಾಡಕ್ಕೆ ವಂದೇ ಭಾರತ್ ಶುರುವಾಯಿತು. ಬೆಳಗಾವಿಗೆ ಒಯ್ಯಿರಿ ಎಂದು ಕೂಗು ಎದ್ದಿತು. ನವೆಂಬರ್ 21ರಂದು ಪ್ರಾಯೋಗಿಕ ಓಟವೂ ಆಯಿತು, ಸ್ಟೇಷನ್ನಿನಲ್ಲಿ ಹೂಮಾಲೆಯೂ ಬಿತ್ತು. ಆಮೇಲೆ ತಿಂಗಳುಗಟ್ಟಲೆ ಸುದ್ದಿಯಿಲ್ಲ. ಪತ್ರಿಕೆಗಳಲ್ಲಿ ಹುಬ್ಬಳ್ಳಿಯವರ ಕುತಂತ್ರ ಎಂಬ ಗುಸುಗುಸು, ಸಭೆಗಳಲ್ಲಿ ನಮ್ಮ ಸಂಸದರಿಗೆ ಬಲವಿಲ್ಲ ಎಂಬ ಹಳಿಯಾಟ. ಅಸಲಿ ತೊಡಕು ಗಡಿಯಾರದ್ದು. ಒಂದೇ ರೇಕ್ ದಿನಕ್ಕೆ ಹೋಗಿ ಬರಬೇಕು, ರಾತ್ರಿ ಬೆಂಗಳೂರಲ್ಲಿ ಪಿಟ್‌ಲೈನ್ ಮೇಲೆ ನಿಂತು ತಪಾಸಣೆಯಾಗಬೇಕು, ಬೆಳಗ್ಗೆ ಮತ್ತೆ ಹೊರಡಬೇಕು. ಲೋಂಡಾ ಸುತ್ತಿ ಬೆಳಗಾವಿಗೆ ಬಂದು ಹೋಗುವಷ್ಟು ಹೊತ್ತು ಆ ದಿನದಲ್ಲಿ ಇರಲಿಲ್ಲ. 2025ರ ಆಗಸ್ಟ್ 10ರಂದು ಬೆಳಗಾವಿಗೆ ಬೇರೆಯದೇ ವಂದೇ ಭಾರತ್ ಬಂತು. ಬೆಳಗಾವಿಯಿಂದ ನಸುಕಿನಲ್ಲಿ ಹೊರಡುವ, ರಾತ್ರಿ ಬೆಳಗಾವಿಗೇ ಮರಳುವ ಗಾಡಿ. ಗಂಟು ಬಿಚ್ಚಿದ್ದು ಹೀಗೆ, ಗಾಡಿಯ ಗೂಡನ್ನೇ ಈ ತುದಿಗೆ ಬದಲಾಯಿಸಿ. ಬೆಳಗಾವಿಗೆ ಶೆಟ್ಟರ್ ಸಂಸದರು, ರೈಲ್ವೆಗೆ ಸೋಮಣ್ಣ ರಾಜ್ಯ ಸಚಿವರು, ಅದಕ್ಕೇ ಬಂತು ಎನ್ನುವವರಿದ್ದಾರೆ. ಅವರು ಒತ್ತಾಯ ಮಾಡಿದ್ದರಿಂದ ಬೇಗ ಬಂದಿರಬಹುದು, ಅಷ್ಟನ್ನು ಅವರಿಗೆ ಕೊಡೋಣ. ಆದರೆ ಬೆಂಗಳೂರಿಂದ ಹೊರಡುವುದನ್ನು ಬಿಡಿ, ಬೆಳಗಾವಿಯಿಂದ ಹೊರಡಿಸಿ ಎಂಬ ವಾದವನ್ನು ಹೂಮಾಲೆ ಹಿಡಿದು ನಿಂತ ದಿನವೇ ವೇಳಾಪಟ್ಟಿಯ ಸಮೇತ ಮಂಡಿಸುವ ಒಂದು ಸಂಘ ಈ ಊರಲ್ಲಿದ್ದರೆ ಹೆಚ್ಚುಕಡಿಮೆ ಎರಡು ವರ್ಷ ಗುಸುಗುಸುವಿನಲ್ಲಿ ಹೋಗುತ್ತಿರಲಿಲ್ಲ.

ಇನ್ನು ಖಾನಾಪುರ. ನಮ್ಮಾಂವ ಎಂದು ಚಹಾದ ಕಾಕಾ ಅಂದರಲ್ಲ, ಅವರ ನಮ್ಮಾಂವ ಯಾರು? ಖಾನಾಪುರ ಬೆಳಗಾವಿ ಜಿಲ್ಲೆಯ ತಾಲ್ಲೂಕು, ಲೋಕಸಭೆಗೆ ಮಾತ್ರ ಉತ್ತರ ಕನ್ನಡ ಕ್ಷೇತ್ರ. ಕಿತ್ತೂರಿನದೂ ಅದೇ ಕಥೆ. ಇಲ್ಲಿನ ಮತ ಭಟ್ಕಳ, ಕುಮಟಾ, ಕಾರವಾರದ ಮತಗಳ ಜೊತೆ ಎಣಿಕೆಯಾಗುತ್ತದೆ. ಆ ಕಡೆಯವರ ರೈಲು ಕೊಂಕಣ ರೈಲ್ವೆ, ಅವರ ತಕರಾರು ಬೇರೆ, ಅವರ ಕನಸು ಅಂಕೋಲಾ. ಅಂದಮೇಲೆ ಅಂಗಡಿಯವರು ಮಂತ್ರಿಯಾದಾಗಲೂ ಶಾಸ್ತ್ರದ ಪ್ರಕಾರ ಅವರು ಖಾನಾಪುರದ ಸಂಸದರಲ್ಲ. ನಮ್ಮವರಿದ್ದರೆ ಸಾಕು ಎಂಬ ಶಾಸ್ತ್ರ ತನ್ನದೇ ಲೆಕ್ಕದಲ್ಲಿ ಖಾನಾಪುರವನ್ನು ತಬ್ಬಲಿ ಮಾಡುತ್ತದೆ. ಹಾಗಿದ್ದೂ ಅದನ್ನು ಅತಿ ಗಟ್ಟಿಯಾಗಿ ನಂಬುವವರು ಖಾನಾಪುರದವರೇ. ಇದಕ್ಕೆ ನಗಬೇಕೋ ಅಳಬೇಕೋ ನನಗೆ ತಿಳಿದಿಲ್ಲ.

ವಂದೇ ಭಾರತ್ ಖಾನಾಪುರದಲ್ಲಿ ನಿಲ್ಲಬೇಕೆಂದು ನಾನು ಕೇಳುವವನಲ್ಲ. ಬೆಂಗಳೂರಿಗೆ ಎಂಟೂವರೆ ತಾಸಿನಲ್ಲಿ ಮುಟ್ಟಬೇಕಾದ ಗಾಡಿಯನ್ನು ಊರೂರಲ್ಲಿ ನಿಲ್ಲಿಸಿದರೆ ಅದು ಪ್ಯಾಸೆಂಜರ್ ಆಗುತ್ತದೆ, ಅದೂ ದುಬಾರಿ ಪ್ಯಾಸೆಂಜರ್. ಖಾನಾಪುರಕ್ಕೆ ಬೇಕಾದದ್ದು ಏನೆಂದು ತಿಳಿಯಬೇಕಾದರೆ ಬೆಳಗ್ಗೆ ಎಂಟರ ಸುಮಾರಿಗೆ ಅಲ್ಲಿನ ಬಸ್ ಸ್ಟ್ಯಾಂಡಿಗೆ ಹೋಗಬೇಕು. ಬೆಳಗಾವಿಯ ಬಸ್ಸು ಇನ್ನೂ ನಿಂತಿರುವುದಿಲ್ಲ, ಅಷ್ಟರಲ್ಲೇ ಕಿಟಕಿಯೊಳಗೆ ಟವೆಲ್ಲು, ಪುಸ್ತಕದ ಚೀಲ, ಡಬ್ಬಿ ಬಿದ್ದು ಸೀಟು ಹಿಡಿದಾಗಿರುತ್ತದೆ. ಕಾಲೇಜಿನ ಹುಡುಗರು ಬಾಗಿಲಿಗೆ ಜೋತಿರುತ್ತಾರೆ. ಉದ್ಯಮಬಾಗಿನ ಫೌಂಡ್ರಿಗೆ, ಮಚ್ಛೆಯ ಕಾರ್ಖಾನೆಗೆ ಹೋಗುವ ಗಂಡಸರು ಒಂಟಿ ಕಾಲಲ್ಲಿ, ಆಸ್ಪತ್ರೆಗೆ ಹೊರಟ ಮುದುಕಿ ಡ್ರೈವರನ ಹಿಂದಿನ ಕಂಬ ಹಿಡಿದು. "ಒಳಗ ಸರೀರಿ ಅಕ್ಕಾರ, ಒಳಗ ಸರೀರಿ" ಎಂದು ಕಂಡಕ್ಟರ್ ಕೂಗುತ್ತಲೇ ಇರುತ್ತಾನೆ, ಸರಿಯಲು ಒಳಗೆ ಒಳಗೇ ಇರುವುದಿಲ್ಲ.

ಹೆಂಗಸರಿಗೆ ಬಸ್ಸು ಪುಕ್ಕಟೆ ಆದಮೇಲೆ ರೈಲು ಯಾರಿಗೆ ಬೇಕು ಎನ್ನುವವರನ್ನು ನಾನು ಈ ಸ್ಟ್ಯಾಂಡಿಗೇ ಕರೆದುಕೊಂಡು ಬರಬೇಕೆಂದಿದ್ದೇನೆ. 2023ರ ಜೂನಿನಿಂದ ಶಕ್ತಿ ಯೋಜನೆ ಬಂತು, ಒಳ್ಳೆಯದಾಯಿತು. ಅದರಿಂದ ಬಸ್ಸಿನ ಉದ್ದ ಬೆಳೆಯಲಿಲ್ಲ. ಪುಕ್ಕಟೆ ಟಿಕೇಟು ಕೈಯಲ್ಲಿ ಹಿಡಿದು ಎರಡು ಬಸ್ಸು ಬಿಟ್ಟುಕೊಟ್ಟು ಮೂರನೆಯದಕ್ಕೆ ಮೊದಲ ಪಿರಿಯಡ್ ತಪ್ಪಿಸಿಕೊಂಡ ಹುಡುಗಿಗೆ ಹತ್ತು ರೂಪಾಯಿಯ ರೈಲು ಬೇಡವೆ? ಆ ಹತ್ತು ರೂಪಾಯಿಗೂ ಒಂದು ಕಥೆ ಇದೆ. ಕೋವಿಡ್ ಆದಮೇಲೆ ಪ್ಯಾಸೆಂಜರ್ ಗಾಡಿಗಳಿಗೆ ವಿಶೇಷ, ಎಕ್ಸ್‌ಪ್ರೆಸ್ ಎಂಬ ನಾಮಕರಣವಾಗಿ ಕನಿಷ್ಠ ದರ 30 ರೂಪಾಯಿಗೆ ಏರಿತು. ಗಾಡಿ ಅದೇ, ಹಲಗೆ ಅದೇ, ನಿಲ್ಲುವ ಊರೂ ಅವೇ. 2024ರ ಫೆಬ್ರವರಿಯಲ್ಲಿ ಮತ್ತೆ 10 ರೂಪಾಯಿಗೆ ಇಳಿಯುವ ತನಕ ಬಡವರು ಮೂರು ಪಟ್ಟು ತೆತ್ತರು. ಅಷ್ಟು ಕಾಲದಲ್ಲಿ ನಮ್ಮ ವೇದಿಕೆಗಳಲ್ಲಿ ವಂದೇ ಭಾರತಿನ ಬಗ್ಗೆ ನಾನು ಕೇಳಿದ ಭಾಷಣಗಳಿಗೆ ಲೆಕ್ಕವಿಲ್ಲ. ಮೂವತ್ತು ರೂಪಾಯಿಯ ಬಗ್ಗೆ ಕೇಳಿದ್ದು ನೆನಪಿಲ್ಲ.

ಬಸ್ಸು ಹೋಗುವ ರಸ್ತೆಯ ಪಕ್ಕದಲ್ಲೇ ಹಳಿ ಇದೆ. ದಕ್ಷಿಣ ಮರಾಠಾ ರೈಲ್ವೆ 1887ರಲ್ಲಿ ಹಾಕಿದ ದಾರಿ. ಹತ್ತಿ, ಧಾನ್ಯ ಬಂದರಿಗೆ ಸಾಗಲಿ, ಸಿಪಾಯಿ ಕ್ಯಾಂಪಿಗೆ ಬರಲಿ ಎಂದು ಬ್ರಿಟಿಷರು ಹಾಕಿದ್ದು. ನಮ್ಮನ್ನು ಕೇಳಿ ಹಾಕಿದ್ದಲ್ಲ. ಈಗ ಅದು ಜೋಡಿ ಹಳಿ, ಮೇಲೆ ವಿದ್ಯುತ್ ತಂತಿ. ಲೋಂಡಾ–ಬೆಳಗಾವಿ–ಘಟಪ್ರಭಾ ನಡುವಿನ ಸುಮಾರು 930 ಕೋಟಿಯ ಜೋಡಿ ಮಾರ್ಗವನ್ನೂ 190 ಕೋಟಿಯ ಹೊಸ ಬೆಳಗಾವಿ ಸ್ಟೇಷನ್ನನ್ನೂ 2023ರ ಫೆಬ್ರವರಿ 27ರಂದು ಪ್ರಧಾನಿ ಉದ್ಘಾಟಿಸಿದರು. ಎರಡು ಗಾಡಿ ಎದುರುಬದುರಾದರೆ ಒಂದು ಇದಲಹೊಂಡದಲ್ಲಿ ಕಾಯಬೇಕಿದ್ದ ಕಾಲ ಮುಗಿಯಿತು. ಲೋಂಡಾದಿಂದ ಹೊರಟು ಗುಂಜಿ, ಖಾನಾಪುರ, ಇದಲಹೊಂಡ, ದೇಸೂರಲ್ಲಿ ನಿಂತು ಕಾಲೇಜಿನ ಗಂಟೆಗೆ, ಫೌಂಡ್ರಿಯ ಭೋಂಗಾಕ್ಕೆ ಸರಿಯಾಗಿ ಬೆಳಗಾವಿ ಮುಟ್ಟುವ, ಸಂಜೆ ಆರಕ್ಕೆ ಅದೇ ದಾರಿಯಲ್ಲಿ ಮರಳುವ ಒಂದು ಮೆಮು ಗಾಡಿಗೆ ಹೊಸ ಹಳಿ ಬೇಡ, ರೈತನ ಹೊಲ ಬೇಡ, ಕಾಡು ಕಡಿಯುವುದೂ ಬೇಡ. ಬೇಕಾದದ್ದು ಒಂದು ರೇಕ್, ಒಂದಿಷ್ಟು ಸಿಬ್ಬಂದಿ, ಮತ್ತು ಇಷ್ಟು ಮಂದಿ ಹತ್ತುತ್ತಾರೆ ಎಂಬ ಲೆಕ್ಕ.

ಲೆಕ್ಕವೇ ನಮ್ಮಲ್ಲಿಲ್ಲ. ನಾನೂ ಜೊತೆಗೆ ಹೋಗಿದ್ದ ಒಂದು ನಿಯೋಗದ ಕಥೆ ಹೇಳಬೇಕು. ಯಾವ ವರ್ಷ, ಯಾವ ಕಚೇರಿ ಎಂಬುದು ಬೇಡ, ಮರ್ಯಾದೆ ಹೋದದ್ದು ನಮ್ಮದೇ. ಹನ್ನೊಂದು ಮಂದಿ ಹೋದೆವು, ಹೂಗುಚ್ಛ ಒಯ್ದೆವು, ಮನವಿಪತ್ರ ಕೊಟ್ಟೆವು. ಅಧಿಕಾರಿ ಅದನ್ನು ಪೂರ್ತಿ ಓದಿದರು, ಅದೇ ನಮಗೆ ಅನಿರೀಕ್ಷಿತ. ಓದಿ, "ನೀವು ಬರೆದ ನಂಬರಿನ ಗಾಡಿ ಈಗಾಗಲೇ ಅಲ್ಲಿ ನಿಲ್ತದಲ್ರೀ" ಅಂದರು. ಹೋಗುವ ಗಾಡಿಯ ನಂಬರನ್ನು ಬರುವ ಗಾಡಿಗೆ ಹಾಕಿದ್ದೆವು. ತಿದ್ದಿಕೊಂಡ ಮೇಲೆ ಇನ್ನೊಂದು ಪ್ರಶ್ನೆ: "ದಿನಾ ಎಷ್ಟು ಮಂದಿ ಹತ್ತತಾರ?" ನಮ್ಮ ಮುಖಂಡರು, "ಭಾಳ ಮಂದಿ ಅದಾರ್ರೀ ಸಾಹೇಬ್ರ" ಅಂದರು. "ಭಾಳ ಅಂದ್ರ?" ಆ ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ ಇತ್ತು. ಆಮೇಲೆ ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡೆವು. ಮರುದಿನ ಪೇಪರಿನಲ್ಲಿ "ಅಧಿಕಾರಿಗಳಿಂದ ಸಕಾರಾತ್ಮಕ ಸ್ಪಂದನೆ" ಎಂದು ಬಂತು. ಆ ಕಟಿಂಗ್ ಇನ್ನೂ ನನ್ನ ಹತ್ತಿರ ಇದೆ, ಎಡದಿಂದ ನಾಲ್ಕನೆಯವನು ನಾನು.

ರೈಲ್ವೆಯಲ್ಲಿ ಪ್ರಾಯೋಗಿಕ ನಿಲುಗಡೆ ಎಂದು ಒಂದು ಪದ್ಧತಿ ಇದೆ. ಕೆಲವು ತಿಂಗಳು ಗಾಡಿ ನಿಲ್ಲಿಸಿ ನೋಡುತ್ತಾರೆ, ಟಿಕೇಟು ಮಾರಾಟವಾದರೆ ಉಳಿಸುತ್ತಾರೆ, ಇಲ್ಲವಾದರೆ ತೆಗೆಯುತ್ತಾರೆ. ನಿಲುಗಡೆ ಸಿಕ್ಕ ದಿನ ನಮ್ಮಲ್ಲಿ ಡೋಲು ಬಾರಿಸುತ್ತಾರೆ, ಎಂಜಿನ್ನಿಗೆ ಕಾಯಿ ಒಡೆಯುತ್ತಾರೆ, ನಿಶಾನೆ ತೋರಿಸಿದವರಿಗೆ ಜೈಕಾರ ಹಾಕುತ್ತಾರೆ. ಮಾರನೆಯ ದಿನದಿಂದ ಟಿಕೇಟು ಎಷ್ಟು ಹೋಯಿತು ಎಂದು ನೋಡುವವರಿಲ್ಲ. ಖಾನಾಪುರದ ಎಷ್ಟೋ ಮನೆಯವರು ಪುಣೆಗೆ ಹೋಗಬೇಕಾದರೆ ಬಸ್ಸಿನಲ್ಲಿ ಬೆಳಗಾವಿಗೆ ಬಂದು ಅಲ್ಲಿಂದ ಗಾಡಿ ಹತ್ತುತ್ತಾರೆ. ಅವರೆಲ್ಲ ಬೆಳಗಾವಿಯ ಪ್ರಯಾಣಿಕರೆಂದೇ ದಾಖಲಾಗುತ್ತಾರೆ. ಮನೆಯಿಂದಲೇ ಮೊಬೈಲಿನಲ್ಲಿ ಟಿಕೇಟು ತೆಗೆಯುವಾಗಲೂ ಹತ್ತುವ ಸ್ಟೇಷನ್ ಎಂದು ಬೆಳಗಾವಿಯನ್ನೇ ಒತ್ತುತ್ತಾರೆ, ಅದು ರೂಢಿ. ಕೊನೆಗೆ ಕಾಗದದ ಮೇಲೆ ಖಾನಾಪುರದಲ್ಲಿ ಪ್ರಯಾಣಿಕರೇ ಇಲ್ಲ. ಗಾಡಿ ನಿಲ್ಲದ್ದಕ್ಕೆ ಜನ ಇಲ್ಲ, ಜನ ಇಲ್ಲದ್ದಕ್ಕೆ ಗಾಡಿ ಇಲ್ಲ. ಈ ಗಾಣದಿಂದ ಹೊರಬರಲು ಮಂತ್ರಿ ಬೇಡ. ಎರಡು ವಾರ ಬೆಳಗ್ಗೆ ಸ್ಟ್ಯಾಂಡಿನಲ್ಲೂ ಪ್ಲಾಟ್‌ಫಾರ್ಮಿನಲ್ಲೂ ನೋಟುಬುಕ್ಕು ಹಿಡಿದು ನಿಲ್ಲುವ ನಾಲ್ಕು ಕಾಲೇಜು ಹುಡುಗರು ಸಾಕು: ಎಲ್ಲಿಂದ ಬಂದಿರಿ, ಎಲ್ಲಿಗೆ, ಎಷ್ಟು ಗಂಟೆಗೆ ಮುಟ್ಟಬೇಕು, ಗಾಡಿ ಇದ್ದರೆ ಪಾಸು ತೆಗೆಸುತ್ತೀರಾ.

ಇದೆಲ್ಲ ಪುಸ್ತಕದ ಮಾತು, ದಿಲ್ಲಿಯಲ್ಲಿ ನೋಟುಬುಕ್ಕಿಗೆ ಯಾರು ಬೆಲೆ ಕೊಡುತ್ತಾರೆ ಎಂಬ ವ್ಯಂಗ್ಯ ಕೇಳಿ ಕೇಳಿ ಸಾಕಾಗಿದೆ. ಕುಂದಾಪುರದ ರೈಲು ಪ್ರಯಾಣಿಕರ ಹಿತರಕ್ಷಣಾ ಸಮಿತಿಯವರನ್ನು ಕೇಳಿ. ಬೆಂಗಳೂರಿನಿಂದ ಕರಾವಳಿಯ ಉತ್ತರಕ್ಕೆ ಬರುವ ಗಾಡಿ ಮಂಗಳೂರು ಪೇಟೆಯೊಳಗೆ ಹೋಗಿ ಎಂಜಿನ್ ತಿರುಗಿಸಿಕೊಂಡು ಹೊತ್ತು ಕಳೆಯುತ್ತದೆ, ಪಡೀಲಿನಲ್ಲಿ ಬೈಪಾಸ್ ಹಳಿ ಇದೆ, ಅದರ ಮೇಲೆ ಹಾಯಿಸಿ ಎಂದು ಅಲ್ಲಿನವರು ಹಟ ಹಿಡಿದರು. ಪಂಚಗಂಗಾ ಎಕ್ಸ್‌ಪ್ರೆಸ್ ಇವತ್ತು ಓಡುವುದು ಆ ಬೈಪಾಸಿನ ಮೇಲೆಯೇ. ಬೆಂಗಳೂರಿನವರು 2016ರ ಕೊನೆಗೆ "ಚುಕು ಬುಕು ಬೇಕು" ಎಂದು ಸ್ಟೇಷನ್ನುಗಳಲ್ಲಿ ನಿಂತರು. ಅದಕ್ಕೂ ಮೊದಲು ವರ್ಷಗಟ್ಟಲೆ ಯಾರೋ ಮನೆಯಲ್ಲಿ ಕೂತು ನಕ್ಷೆ, ವರದಿ ತಯಾರಿಸಿದ್ದರು. 148 ಕಿಲೋಮೀಟರಿನ ಉಪನಗರ ರೈಲಿಗೆ 2022ರ ಜೂನಿನಲ್ಲಿ ಶಂಕುಸ್ಥಾಪನೆಯಾಯಿತು. ಕೆಲಸ ಆಮೆನಡಿಗೆಯಲ್ಲಿದೆ, ಅದನ್ನು ಮುಚ್ಚಿಡುವುದಿಲ್ಲ. ಇನ್ನು ಹುಬ್ಬಳ್ಳಿ. ಮೊದಲು ಬೆಂಗಳೂರಿಗೆಂದಿದ್ದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯನ್ನು ಬೀದಿಗಿಳಿದು ಕೇಳಿ ಪಡೆದವರು ಆ ಊರಿನವರು. 2003ರ ಏಪ್ರಿಲ್ 1ರಂದು ವಲಯ ಶುರುವಾದಾಗ ರೈಲ್ವೆ ಮಂತ್ರಿ ಬಿಹಾರದ ನಿತೀಶ್ ಕುಮಾರ್.

ನಮ್ಮ ಮಗ್ಗುಲಿನ ಗೋವೆಯವರದು ಇನ್ನೂ ಖಾರವಾದ ಉದಾಹರಣೆ. ನಮ್ಮ ಲೋಂಡಾದ ಆಚೆ ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗೆ ಘಾಟಿನಲ್ಲಿ ಜೋಡಿ ಹಳಿ ಬೇಡವೆಂದು ಅವರು ನಿಂತರು. 2020ರ ನವೆಂಬರ್‌ನಲ್ಲಿ ಚಾಂದೋರಿನ ಹಳಿಯ ಮೇಲೆ ರಾತ್ರಿ ಕಳೆದರು. ಅದಕ್ಕಿಂತ ಮುಖ್ಯವಾಗಿ ಸುಪ್ರೀಂ ಕೋರ್ಟಿನ ಸಮಿತಿಯ ಮುಂದೆ ಸರಕು ಸಾಗಣೆಯ ಅಂಕಿ, ಕಾಡಿನ ಅಂಕಿ ಎಲ್ಲ ಇಟ್ಟರು. 2022ರ ಮೇ ತಿಂಗಳಲ್ಲಿ ಕೋರ್ಟು ಆ ಯೋಜನೆಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ರದ್ದು ಮಾಡಿತು. ಅವರ ನಿಲುವು ನಿಮಗೆ ಹಿಡಿಸಲಿ, ಬಿಡಲಿ. ಒಂದು ರೈಲು ಬೇಡವೆಂದು ಅವರು ಓದಿದಷ್ಟು ಕಾಗದವನ್ನು ಒಂದು ರೈಲು ಬೇಕೆಂದು ನಾವು ಓದಿಲ್ಲ.

ಓದಲು ಕಾಗದ ಇಲ್ಲವೆಂದಲ್ಲ. ಯಾವ ಯೋಜನೆಗೆ ಈ ವರ್ಷ ಎಷ್ಟು ದುಡ್ಡು ಎಂದು ರೈಲ್ವೆಯ ಪಿಂಕ್ ಬುಕ್ಕಿನಲ್ಲಿ ಅಚ್ಚಾಗಿಯೇ ಇರುತ್ತದೆ. 2017ರಲ್ಲಿ ರೈಲ್ವೆ ಬಜೆಟ್ಟು ಸಾಮಾನ್ಯ ಬಜೆಟ್ಟಿನಲ್ಲಿ ಲೀನವಾದ ಮೇಲಂತೂ ಮಂತ್ರಿಯ ಭಾಷಣಕ್ಕಿಂತ ಆ ಪುಸ್ತಕವೇ ನಿಜ. ಎಷ್ಟೋ ಯೋಜನೆಗಳ ಮುಂದೆ ಒಂದು ಸಾವಿರ ರೂಪಾಯಿ ಎಂಬ ನಾಮಕಾವಸ್ತೆ ಅಂಕಿ ಇರುತ್ತದೆ, ಯೋಜನೆ ಸತ್ತಿಲ್ಲ ಎಂದು ತೋರಿಸಲು. ವಿಭಾಗ ಮಟ್ಟದಲ್ಲಿ, ವಲಯ ಮಟ್ಟದಲ್ಲಿ ರೈಲ್ವೆ ಬಳಕೆದಾರರ ಸಲಹಾ ಸಮಿತಿಗಳಿವೆ. 1921ರ ಆಕ್‌ವರ್ತ್ ಸಮಿತಿ, ಪ್ರಯಾಣಿಕರ ಮತ್ತು ವರ್ತಕರ ಮಾತು ಕೇಳಲು ಸಲಹಾ ಮಂಡಳಿ ಬೇಕೆಂದು ಬರೆದ ಕಾಲದಿಂದ ಬಂದ ಸಂಪ್ರದಾಯ ಅದು. ವಾಣಿಜ್ಯ ಸಂಘಗಳಿಗೆ, ಪ್ರಯಾಣಿಕರ ಸಂಘಗಳಿಗೆ ಅದರಲ್ಲಿ ಕುರ್ಚಿ ಉಂಟು, ಅವಧಿ ಎರಡು ವರ್ಷ. ನಮ್ಮಲ್ಲಿ ಅಲ್ಲಿಗೆ ನೇಮಕವಾದ ದಿನ ಫ್ಲೆಕ್ಸ್ ಬೀಳುತ್ತದೆ. ಆ ಸಭೆಯಲ್ಲಿ ಏನು ಕೇಳಿದಿರಿ, ಏನು ಉತ್ತರ ಬಂತು ಎಂದು ಫ್ಲೆಕ್ಸಿನವರನ್ನು ಊರು ಎಂದೂ ಕೇಳುವುದಿಲ್ಲ.

ಇನ್ನೊಂದು ಮಾತು ಹೇಳಿದರೆ ಎರಡೂ ಕಡೆಯವರು ನನ್ನ ಮೇಲೆ ಬೀಳಬಹುದು. ಬೆಳಗಾವಿಯಲ್ಲಿ ಬೋರ್ಡಿನ ಮೇಲೆ ಯಾವ ಲಿಪಿ ಎಲ್ಲಿರಬೇಕು ಎಂದು ನಡೆದಷ್ಟು ಜಗಳ ಬೋರ್ಡಿನ ಕೆಳಗೆ ಗಾಡಿ ಎಷ್ಟಕ್ಕೆ ನಿಲ್ಲಬೇಕು ಎಂದು ನಡೆದಿಲ್ಲ. ಕನ್ನಡ ಸಂಘಟನೆಯದು ಒಂದು ಮನವಿ, ಮರಾಠಿ ಸಂಘಟನೆಯದು ಇನ್ನೊಂದು. ಒಬ್ಬರು ಬೆಂಗಳೂರಿನ ಗಾಡಿ ಕೇಳಿದರೆ ಇನ್ನೊಬ್ಬರು ಪುಣೆಯ ಗಾಡಿ. ಬಾಗಿಲಿಗೆ ಜೋತ ಹುಡುಗರಲ್ಲಿ ಇಬ್ಬರೂ ಇದ್ದಾರೆ, ಕಂಡಕ್ಟರ್ ಇಬ್ಬರಿಗೂ ಒಂದೇ ದನಿಯಲ್ಲಿ ಬೈಯುತ್ತಾನೆ.

ಇಷ್ಟೆಲ್ಲ ತುರ್ತಾಗಿ ಏಕೆ ಹೇಳುತ್ತಿದ್ದೇನೆಂದರೆ, ಕಿತ್ತೂರು ಮಾರ್ಗ ಇವತ್ತಲ್ಲ ನಾಳೆ ಆಗಿಯೇ ಆಗುತ್ತದೆ. ಆಗಲೇಬೇಕು, ನಾನು ಅದರ ಪರ. ಆಗ ಬೆಳಗಾವಿಯಿಂದ ಹುಬ್ಬಳ್ಳಿ, ಬೆಂಗಳೂರಿಗೆ ಹೋಗುವ ವೇಗದ ಗಾಡಿಗಳು ದೇಸೂರು ದಾಟಿ ಎಡಕ್ಕೆ ಹೊರಳುತ್ತವೆ. ಖಾನಾಪುರ, ಗುಂಜಿ, ಲೋಂಡಾ, ನಾಗರಗಾಳಿ, ತಾವರಗಟ್ಟಿ, ಅಳ್ನಾವರ ಬಲಕ್ಕೆ ಉಳಿಯುತ್ತವೆ. ಗೋವೆಯ ಕಡೆಯ ಗಾಡಿಗಳು, ಸರಕು ಗಾಡಿಗಳು ಇದ್ದೇ ಇರುತ್ತವೆ. ಆದರೆ ಕಾಡಂಚಿನ ಆ ಸ್ಟೇಷನ್ನುಗಳಿಗೆ ಇವತ್ತು ಬರುವ ಗಾಡಿಗಳಲ್ಲಿ ಯಾವ ಯಾವುವು ಉಳಿಯುತ್ತವೆ, ಯಾವುವು ಹೋಗುತ್ತವೆ? 73.10 ಕಿಲೋಮೀಟರ್, 927.42 ಕೋಟಿ ಎಂದು ಬಾಯಿಪಾಠ ಒಪ್ಪಿಸುವ ನಮ್ಮ ಮುಖಂಡರಲ್ಲಿ ಈ ಪ್ರಶ್ನೆಯನ್ನು ಎತ್ತಿದವರನ್ನು ನಾನು ಕಂಡಿಲ್ಲ. ಹೊಸ ಮಾರ್ಗದ ಒಪ್ಪಂದದ ಜೊತೆಗೇ ಹಳೆಯ ಮಾರ್ಗಕ್ಕೆ ಬೆಳಗಾವಿ–ಖಾನಾಪುರ–ಲೋಂಡಾ–ಧಾರವಾಡ ಮೆಮು ಬರೆಸಿಕೊಳ್ಳಬೇಕಾದ ಕಾಲ ಇದು. ಹಳಿ ಹೊರಳಿದ ಮೇಲೆ ಕೇಳಿದರೆ ಕೇಳುವವರ ಕಿವಿಯೂ ಕಿತ್ತೂರಿನ ಕಡೆ ಹೊರಳಿರುತ್ತದೆ.

ಮೊನ್ನೆ ಮತ್ತೆ ಆ ಚಹಾದಂಗಡಿಗೆ ಹೋಗಿದ್ದೆ. ಇದನ್ನೆಲ್ಲ ಹೇಳಿದೆ. ಕಾಕಾ ಪೂರ್ತಿ ಕೇಳಿದರು. "ಮಾತು ಖರೇ ಅದ ಬಿಡ್ರಿ" ಅಂದು ಇನ್ನೊಂದು ಕಪ್ ಕೊಟ್ಟು, ಅದರ ದುಡ್ಡು ಬೇಡವೆಂದರು. ಅಷ್ಟರಲ್ಲಿ ಖಾಲಿ ವ್ಯಾಗನ್ನುಗಳ ಗೂಡ್ಸ್ ಗಾಡಿಯೊಂದು ಬಂದು ಸಿಗ್ನಲ್ಲಿಗೆ ನಿಂತಿತು. ಕಾಕಾ ಅದರ ಕಡೆ ನೋಡುತ್ತ ಕೇಳಿದರು, "ಆ ನೋಟ್‌ಬುಕ್ಕಿನ ಹುಡುಗರು ಯಾವಾಗ ಬರ್ತಾರ್ರೀ? ಬೆಳಿಗ್ಗಿ ಅಂದ್ರ ನಾ ಇಲ್ಲೇ ಇರ್ತೀನಿ. ಯಾರ್ ಎಲ್ಲಿಗೆ ಹೊಂಟಾರ ಅಂತ ನನಗ ಅರ್ಧಾ ಗೊತ್ತೇ ಅದ."